ಕ್ಯಾರಿಸ್ಮಾ 18, ಬಾಯಿ ಮಾತ್ರ ಬಿಡೋದಿಲ್ಲ

ಮೂರು ವರ್ಷದ ಹಿಂದಿನ ಮಾತು. ಭಾನುವಾರ ಮಧ್ಯಾಹ್ನ, ಬನಶಂಕರಿಯ ನಮ್ಮ ಬಾಡಿಗೆ ಮನೆ. ಹಾಲ್‌ನಲ್ಲಿ ಆರು ಜನ ಕೂತಿದ್ದೆವು. ನಡುವೆ ಮಡಚುವ ಟೇಬಲ್, ಅದರ ಮೇಲೆ ಬಣ್ಣಬಣ್ಣದ ದಾಳಗಳು, ಪೆನ್ಸಿಲ್ಲುಗಳು, ಒಂದು ಡಬ್ಬಿ ಕೋಡುಬಳೆ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಟ ನಡೆಸುವವಳು ನಾನು. ಇದನ್ನು ಆಡುವವರ ಬಾಯಲ್ಲಿ ಡಿಎಂ, ಅಂದರೆ ಡಂಜನ್ ಮಾಸ್ಟರ್.

ಗೊತ್ತಿಲ್ಲದವರಿಗೆ ಎರಡೇ ಮಾತು. ಡಿಎಂ ಒಂದು ಸನ್ನಿವೇಶ ಹೇಳುತ್ತಾಳೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ಇಟ್ಟುಕೊಂಡು ‘ನಾನು ಹೀಗೆ ಮಾಡ್ತೀನಿ’ ಅನ್ನುತ್ತಾರೆ. ಆಗುತ್ತೋ ಇಲ್ಲವೋ ಅಂತ ಅನುಮಾನ ಬಂದರೆ 20 ಮುಖದ ದಾಳ ಹಾಕಬೇಕು. ಪ್ರತಿ ಪಾತ್ರಕ್ಕೂ ಆರು ಗುಣ, ಒಂದೊಂದಕ್ಕೂ ಒಂದು ಅಂಕಿ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಆಮೇಲೆ ಕ್ಯಾರಿಸ್ಮಾ. ಕೊನೆಯದನ್ನು ವರ್ಚಸ್ಸು ಅನ್ನಬಹುದು. ಆದರೆ ನಮ್ಮ ಟೇಬಲ್ಲಿನಲ್ಲಿ ಯಾರೂ ಅನ್ನುವುದಿಲ್ಲ.

ಅವತ್ತು ಕಥೆಯಲ್ಲಿ ತಂಡ ಒಂದು ಕೋಟೆಯ ಬಾಗಿಲ ಮುಂದೆ ನಿಂತಿತ್ತು. ಕಾವಲುಗಾರ ಒಳಗೆ ಬಿಡುತ್ತಿಲ್ಲ. ತಂಡದಲ್ಲಿ ಮಾತಿಗೆ ಅಂತಲೇ ಒಬ್ಬ ಮಾಂತ್ರಿಕ ಇದ್ದ. ಅವನ ಕ್ಯಾರಿಸ್ಮಾ 18. ಆ ಪಾತ್ರ ಆಡುತ್ತಿದ್ದವನು ಆಫೀಸಿಗೆ ಆಗಷ್ಟೇ ಸೇರಿದ್ದ ಹಾವೇರಿ ಕಡೆಯ ಹುಡುಗ. ಆಗ ನಾವು ಆಡುತ್ತಿದ್ದದ್ದು ಪೂರ್ತಿ ಇಂಗ್ಲಿಷಿನಲ್ಲಿ. ಪುಸ್ತಕ ಇಂಗ್ಲಿಷು, ಆಫೀಸು ಇಂಗ್ಲಿಷು, ಹಾಗಾಗಿ ಆಟವೂ ಇಂಗ್ಲಿಷು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ.

‘ಅವನನ್ನು ಒಪ್ಪಿಸ್ತೀನಿ’ ಅಂದ ಹುಡುಗ.

‘ಹೇಗೆ? ಏನು ಹೇಳ್ತೀಯಾ ಅವನಿಗೆ? ಆಡಿ ತೋರಿಸು’ ಅಂದೆ.

ಅವನು ಒಂದು ವಾಕ್ಯ ಶುರು ಮಾಡಿದ. ನಿಲ್ಲಿಸಿದ. ಇನ್ನೊಂದು ಶುರು ಮಾಡಿದ. ಕಿವಿ ಕೆಂಪಗಾಯಿತು. ಕೋಡುಬಳೆ ಮುರಿದು ಮುರಿದು ಪುಡಿ ಮಾಡುತ್ತಾ ಕೂತ. ಅಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಗೆಳತಿ ಬಾಯಿ ಹಾಕಿದಳು. ಅವಳದು ಗಡ್ಡದ ಕುಳ್ಳ, ಡ್ವಾರ್ಫ್. ಹೋದಲ್ಲೆಲ್ಲ ಜಗಳ ತೆಗೆಯುವವನು, ಕ್ಯಾರಿಸ್ಮಾ 8. ಆದರೆ ಅವಳ ಇಂಗ್ಲಿಷು ನೀರು ಹರಿದ ಹಾಗೆ. ಎರಡು ನಿಮಿಷ ಮಾತಾಡಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಕ್ಕ ಖುಷಿಯಲ್ಲಿ ದಾಳವನ್ನೂ ಹಾಕಿಸದೆ ಬಾಗಿಲು ತೆಗೆಸಿಬಿಟ್ಟೆ.

ತಪ್ಪು ಮಾಡಿದೆ ಅಂತ ಗೊತ್ತಾದದ್ದು ಮುಂದಿನ ದೃಶ್ಯದಲ್ಲಿ. ಒಳಗೆ ಒಂದು ಕಬ್ಬಿಣದ ಗೇಟು. ಅದನ್ನು ಎತ್ತಬೇಕು. ನಮ್ಮ ಬಲಭೀಮನ ಪಾತ್ರ ಆಡುವವನು ಮನೆಯಲ್ಲಿ 20 ಲೀಟರಿನ ನೀರಿನ ಕ್ಯಾನನ್ನು ಎತ್ತಿ ಇಡಲು ಪಕ್ಕದ ಮನೆಯವರನ್ನು ಕರೆಯುವ ಆಸಾಮಿ. ‘ಎತ್ತುತ್ತೀನಿ’ ಅಂದ. ‘ದಾಳ ಹಾಕು’ ಅಂದೆ. ಹಾಕಿದ. ಗೇಟು ಮೇಲೆ ಹೋಯಿತು. ಅಡುಗೆಮನೆಯಿಂದ ಕ್ಯಾನ್ ತಂದು ‘ಎಲ್ಲಿ, ಎತ್ತಿ ತೋರಿಸು’ ಅಂತ ನಾನು ಕೇಳಲಿಲ್ಲ, ಅಲ್ವಾ?

ಹುಡುಗ ಅವತ್ತು ಊಟಕ್ಕೂ ನಿಲ್ಲದೆ ಹೋದ.

ಈ ಅಂಕಿಗಳ ಬೆಲೆ ಎಷ್ಟು ಅಂತ ಸ್ವಲ್ಪ ಹೇಳಬೇಕು. ಹಳೆಯ ಪದ್ಧತಿಯಲ್ಲಿ ಮೂರು ಸಾಮಾನ್ಯ ದಾಳ ಹಾಕಿ ಕೂಡಿಸುತ್ತಿದ್ದರು. ಹಾಗೆ 18 ಬರಬೇಕಾದರೆ ಮೂರರಲ್ಲೂ ಆರೇ ಬೀಳಬೇಕು, 216ರಲ್ಲಿ ಒಂದು ಸಲ. ಈಗಿನ ನಿಯಮದಲ್ಲಿ 18 ಇದ್ದವರು ದಾಳಕ್ಕೆ 4 ಸೇರಿಸಿಕೊಳ್ಳುತ್ತಾರೆ, 8 ಇದ್ದವರು 1 ಕಳೆಯುತ್ತಾರೆ. ಮಧ್ಯಮ ಕಷ್ಟದ ಕೆಲಸಕ್ಕೆ ಒಟ್ಟು 15 ಬರಬೇಕು. ಅಂದರೆ ನಮ್ಮ ಮಾಂತ್ರಿಕನಿಗೆ ಅರ್ಧಕ್ಕರ್ಧ ಅವಕಾಶ, ಕುಳ್ಳನಿಗೆ ಕಾಲು ಭಾಗ. ಆ ಹುಡುಗ ಪಾತ್ರ ಕಟ್ಟುವಾಗ ಬಲ, ತಾಳಿಕೆ ಎಲ್ಲ ಕಡಿಮೆ ಮಾಡಿಕೊಂಡು ದೊಡ್ಡ ಅಂಕಿಯನ್ನು ಇಲ್ಲೇ ಇಟ್ಟಿದ್ದ. ಕೂಡಿಟ್ಟ ದುಡ್ಡೆಲ್ಲ ಹಾಕಿ ಗಾಡಿ ತಗೊಂಡಿದ್ದ ಅಂತಿಟ್ಟುಕೊಳ್ಳಿ. ನಾನು ಪೆಟ್ರೋಲ್ ಬಂಕಿನಲ್ಲಿ ನಿಂತು ‘ಮೊದಲು ಓಡಿ ತೋರಿಸು’ ಅಂದಿದ್ದೆ.

ಹಾಗಂತ ಎಲ್ಲವನ್ನೂ ದಾಳಕ್ಕೆ ಬಿಟ್ಟುಬಿಡಿ ಅನ್ನುವವರ ಪೈಕಿ ನಾನಲ್ಲ. ಅದನ್ನೂ ಆಡಿ ನೋಡಿದ್ದೇನೆ. ಭಾರಿ ಬೋರು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರಗೆ ತಂದಾಗ ‘ಹುಡುಕುವ ಸಾಮರ್ಥ್ಯ ಇಷ್ಟು’ ಅಂತ ಪಾತ್ರದ ಹಾಳೆಯಲ್ಲಿ ಬರೆಯುವ ಪದ್ಧತಿಯೇ ಇರಲಿಲ್ಲ. ನೆಲದಲ್ಲಿ ಬಲೆ, ಅಂದರೆ ಅಡಗಿಸಿಟ್ಟ ಟ್ರ್ಯಾಪ್, ಇದೆಯಾ ಅಂತ ನೋಡಬೇಕಾದರೆ ಹೇಗೆ ನೋಡುತ್ತೀ ಅಂತ ಬಾಯಿಬಿಟ್ಟು ಹೇಳಬೇಕು. ಅದಕ್ಕೇ ಆಗಿನ ಸಾಮಾನುಗಳ ಪಟ್ಟಿಯಲ್ಲಿ ಹತ್ತು ಅಡಿ ಉದ್ದದ ಒಂದು ಕೋಲು ಇತ್ತು. ಕುಟ್ಟಿಕೊಂಡು ಮುಂದೆ ಹೋಗುವುದು. ಮರುವರ್ಷ, 1975ರಲ್ಲಿ, ಗ್ರೇಹಾಕ್ ಅನ್ನುವ ಪುರವಣಿಯಲ್ಲಿ ‘ಥೀಫ್’, ಅಂದರೆ ಕಳ್ಳನ ಪಾತ್ರ ಬಂತು. ಬೀಗ ತೆಗೆಯುವುದಕ್ಕೆ ಇಷ್ಟು ಶೇಕಡಾ, ಬಲೆ ಕಳಚುವುದಕ್ಕೆ ಇಷ್ಟು ಶೇಕಡಾ. ಕೂತವರ ಜಾಣತನ ಮುಖ್ಯವೋ, ಹಾಳೆಯ ಮೇಲಿನ ಅಂಕಿ ಮುಖ್ಯವೋ ಅನ್ನುವ ಜಗಳ ಅಲ್ಲಿಂದಲೇ ಶುರು ಅನ್ನುವವರಿದ್ದಾರೆ. ಒಬ್ಬನ ಹಾಳೆಯಲ್ಲಿ ಅಂಕಿ ಬಂದ ಮೇಲೆ ಉಳಿದವರು ಕೋಲು ಹಿಡಿದು ತಟ್ಟುವುದು ಯಾಕೆ?

ಅದೇ 1975ರಲ್ಲಿ ಗೈಗ್ಯಾಕ್ಸ್ ಒಂದು ಸಮಾವೇಶದಲ್ಲಿ ಟೂಂಬ್ ಆಫ್ ಹಾರರ್ಸ್ ಅನ್ನುವ ಗೋರಿಯ ಸಾಹಸ ಆಡಿಸಿದರು. ಅಚ್ಚಾಗಿದ್ದು 1978ರಲ್ಲಿ. ಅದರಲ್ಲಿ ಗೋಡೆಯ ಮೇಲೆ ಹಸಿರು ರಾಕ್ಷಸನ ಮುಖ, ತೆರೆದ ಬಾಯಿ, ಒಳಗೆ ಕಗ್ಗತ್ತಲು. ದಾರಿ ಇರಬಹುದು ಅಂತ ಒಳಗೆ ನುಗ್ಗಿದವರು ಮಾಯ. ಬೂದಿಯೂ ಸಿಗುವುದಿಲ್ಲ. ನಿಮ್ಮ ಪಾತ್ರ ಎಷ್ಟೇ ದೊಡ್ಡ ವೀರನಾಗಿರಲಿ, ಅಂಕಿಗಳು ಏನೇ ಇರಲಿ, ಮೊದಲು ಒಂದು ಕೋಲು ತೂರಿಸಿ ನೋಡುವ ಬುದ್ಧಿ ಕೂತವರ ತಲೆಯಲ್ಲಿ ಇರಬೇಕಿತ್ತು. ಕ್ರೂರ ಅನ್ನಿಸಬಹುದು. ನನಗೆ ಇಷ್ಟವೇ.

ಯಾಕೆ ಇಷ್ಟ ಅಂದರೆ, ಆ ಖುಷಿ ನಮ್ಮ ಟೇಬಲ್ಲಿನಲ್ಲೂ ಒಮ್ಮೆ ಸಿಕ್ಕಿತು. ಪಾಳುಬಿದ್ದ ಒಂದು ದೊಡ್ಡ ಮನೆ. ಒಳಕೋಣೆಯಲ್ಲಿ ಒಂದು ಪತ್ತಾಯ ಇದೆ ಅಂದೆ. ಪತ್ತಾಯ ಅಂದರೆ ನಮ್ಮ ಕರಾವಳಿ ಕಡೆ ಭತ್ತ ತುಂಬುವ ಮರದ ದೊಡ್ಡ ಪೆಟ್ಟಿಗೆ. ಒಬ್ಬಳು ತಕ್ಷಣ, ‘ಇನ್ವೆಸ್ಟಿಗೇಷನ್ ದಾಳ ಹಾಕ್ಲಾ?’ ಅಂದಳು. ಹಾಕಿದ್ದರೆ 17 ಬೀಳುತ್ತಿತ್ತು, ‘ಸಿಕ್ಕಿತು’ ಅನ್ನುತ್ತಿದ್ದೆ, ಮುಂದಿನ ಕೋಣೆ. ಆದರೆ ಸುಳ್ಯದ ಇನ್ನೊಬ್ಬ ತಡೆದ. ‘ನಿಲ್ಲಿ ನಿಲ್ಲಿ. ಪತ್ತಾಯದ ಹೊರಗಿನ ಎತ್ತರ ಎಷ್ಟು? ನನ್ನ ಸೊಂಟದವರೆಗೆ ಬರುತ್ತಾ? ಒಳಗೆ ಕೈ ಬಿಟ್ಟರೆ ತಳ ಎಲ್ಲಿ ಸಿಗುತ್ತೆ?’ ಮೊಣಕೈವರೆಗೆ ಅಂದೆ. ಅವನು ಕುರ್ಚಿಯಿಂದ ಎದ್ದೇಬಿಟ್ಟ. ‘ಹಾಗಾದ್ರೆ ತಳದ ಕೆಳಗೆ ಇನ್ನೊಂದು ತಳ ಉಂಟು!’ ಅವನಿಗೆ ದಾಳ ಹಾಕು ಅಂತ ಹೇಳಿದ್ದರೆ ನನಗೆ ಪಾಪ ಬರುತ್ತಿತ್ತು. ಅವನು ಕಂಡುಹಿಡಿದಾಗಿತ್ತು. ಅವನ ಪಾತ್ರದ ಬುದ್ಧಿ 9 ಅನ್ನುವುದು ಆ ಕ್ಷಣದಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಹಾಗಾದರೆ ಪತ್ತಾಯದಲ್ಲಿ ಸರಿಯಾದದ್ದು ಕೋಟೆಯ ಬಾಗಿಲಲ್ಲಿ ಯಾಕೆ ತಪ್ಪಾಯಿತು? ಎರಡು ಕಡೆಯೂ ಕೂತವರ ಜಾಣತನವೇ ಗೆದ್ದದ್ದು. ಬಹಳ ದಿನ ಇದು ತಲೆ ತಿಂದಿತು. ಉತ್ತರ ಸಿಕ್ಕಿದ್ದು ನಾವು ಕನ್ನಡಕ್ಕೆ ಬಂದಾಗ.

ಬಂದದ್ದೂ ಅಕಸ್ಮಾತ್ತಾಗಿ. ಒಂದು ಭಾನುವಾರ ನನಗೆ ಜ್ವರ, ಇಂಗ್ಲಿಷು ಬಾಯಿಗೆ ಬರುತ್ತಿರಲಿಲ್ಲ. ಹಳ್ಳಿಯ ಗೌಡನ ಪಾತ್ರವನ್ನು ಕನ್ನಡದಲ್ಲೇ ಆಡಿಬಿಟ್ಟೆ. ಹಾವೇರಿ ಹುಡುಗ ತಲೆ ಎತ್ತಿದ. ‘ಗೌಡ್ರ, ನಮಸ್ಕಾರ್ರಿ. ಏನ್ರಿ, ಈ ಸಲ ಮಳಿ ಹೆಂಗೈತ್ರಿ ನಿಮ್ಮ ಕಡೆ?’ ಅಂತ ಶುರು ಮಾಡಿದ. ನಾನು ಡಿಎಂ ಅನ್ನುವುದನ್ನೇ ಮರೆತು ಅವನಿಗೆ ಮಳೆ, ಬೆಳೆ, ಮಗನ ಸಾಲ ಎಲ್ಲ ಹೇಳಿಕೊಂಡೆ. ಹತ್ತು ನಿಮಿಷದಲ್ಲಿ ಗೌಡ ತನ್ನ ಕುದುರೆಗಳನ್ನು ತಾನಾಗಿಯೇ ಕೊಟ್ಟುಬಿಟ್ಟ. ಆರು ತಿಂಗಳು ಬಾಯಿ ಬಿಡದವನು ಇವನೇನಾ ಅಂತ ಎಲ್ಲರೂ ಬೆಪ್ಪಾಗಿ ನೋಡಿದರು.

ಅಂದರೆ ಇಷ್ಟು ದಿನ ನನ್ನ ಟೇಬಲ್ಲಿನಲ್ಲಿ ಕ್ಯಾರಿಸ್ಮಾ ಅಂತ ನಾನು ಅಳೆಯುತ್ತಿದ್ದದ್ದು ಇಂಗ್ಲಿಷನ್ನು. ಕೂತವರ ಜಾಣತನವನ್ನೂ ಅಲ್ಲ, ಪಾತ್ರದ ಸಾಮರ್ಥ್ಯವನ್ನೂ ಅಲ್ಲ. ಯಾರು ಯಾವ ಶಾಲೆಯಲ್ಲಿ ಓದಿದರು ಅನ್ನುವುದನ್ನು.

ಇಲ್ಲಿಗೆ ಕಥೆ ಸುಖಾಂತ್ಯ ಅಂದುಕೊಂಡೆ. ಆಗಲಿಲ್ಲ. ಕನ್ನಡಕ್ಕೆ ಬಂದ ಮೂರನೇ ವಾರ ನನ್ನ ಗೆಳತಿ ಫೋನ್ ಮಾಡಿ, ‘ಮುಂದಿನ ವಾರ ಬರಲ್ಲ ಕಣೇ’ ಅಂದಳು. ಅವಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಅರ್ಥವಾಗುತ್ತದೆ, ತರಕಾರಿ ತರುವಷ್ಟು ಮಾತಾಡುತ್ತಾಳೆ. ಅಷ್ಟೇ. ಈಗ ಕೋಡುಬಳೆ ಪುಡಿ ಮಾಡುವ ಸರದಿ ಅವಳದಾಗಿತ್ತು. ಮತ್ತೆ ಅದೇ ಗುಂಡಿಗೆ ಬಿದ್ದಿದ್ದೆ, ಈ ಸಲ ಇನ್ನೊಂದು ಕಡೆಯಿಂದ.

ಆಗ ಪತ್ತಾಯ ನೆನಪಾಯಿತು. ಸುಳ್ಯದವನು ಅಲ್ಲಿ ಗೆದ್ದದ್ದು ಏನು ಮಾಡಬೇಕು ಅಂತ ಹೇಳಿದ್ದಕ್ಕೆ. ಸೊಗಸಾಗಿ ಹೇಳಿದ್ದಕ್ಕಲ್ಲ. ‘ಎತ್ತರ ನೋಡು, ಆಳ ನೋಡು’ ಅಂತ ಅವನು ತೊದಲಿಕೊಂಡು ಹೇಳಿದ್ದರೂ, ಮೂರು ಭಾಷೆ ಬೆರೆಸಿ ಹೇಳಿದ್ದರೂ ತಳದ ಕೆಳಗಿನ ತಳ ಅಲ್ಲೇ ಇರುತ್ತಿತ್ತು. ಕೋಟೆಯ ಬಾಗಿಲಲ್ಲಿ ನಾನು ಬಹುಮಾನ ಕೊಟ್ಟದ್ದು ಹೇಳಿದ ರೀತಿಗೆ. ನನ್ನ ಗೆಳತಿ ಆ ಎರಡು ನಿಮಿಷದಲ್ಲಿ ಕಾವಲುಗಾರನಿಗೆ ಬೇಕಾದ ಒಂದು ವಿಷಯವನ್ನೂ ಹೇಳಿರಲಿಲ್ಲ.

ಈಗ ನಾನು ‘ಆಡಿ ತೋರಿಸು’ ಅನ್ನುವುದಿಲ್ಲ. ಎರಡು ಪ್ರಶ್ನೆ ಕೇಳುತ್ತೇನೆ. ಎದುರಿನವನಿಂದ ನಿಂಗೇನು ಬೇಕು? ಅವನು ಯಾಕೆ ಕೊಡಬೇಕು? ಯಾವ ಭಾಷೆಯಲ್ಲಾದರೂ ಹೇಳಿ, ‘ನನ್ನ ಪಾತ್ರ ಹೀಗೆ ಹೇಳುತ್ತೆ’ ಅಂತ ದೂರ ನಿಂತಾದರೂ ಹೇಳಿ. ಕಾರಣ ಚೆನ್ನಾಗಿದ್ದರೆ 15 ಬೇಕಾದ ಕಡೆ 10 ಸಾಕು. ಎದುರಿನವನಿಗೆ ಬೇಕಾದದ್ದನ್ನೇ ಕೈಗಿಟ್ಟರೆ ದಾಳವೇ ಬೇಡ. ಉಳಿದದ್ದನ್ನು, ಅಂದರೆ ದನಿ, ನಗು, ಕಣ್ಣು, ಮಾತಿನ ಮೋಡಿಯನ್ನು, ಪಾತ್ರದ ಹಾಳೆಯ ಮೇಲಿರುವ ಅಂಕಿ ನೋಡಿಕೊಳ್ಳುತ್ತದೆ. ಗೆಳತಿ ವಾಪಸ್ ಬಂದಳು. ಡ್ವಾರ್ಫ್ ಈಗ ಇಂಗ್ಲಿಷಿನಲ್ಲಿ ಬೈಯುತ್ತಾನೆ, ಮಾಂತ್ರಿಕ ಧಾರವಾಡದ ಕಡೆಯ ಕನ್ನಡದಲ್ಲಿ ಸಮಾಧಾನ ಮಾಡುತ್ತಾನೆ.

ಒಗಟುಗಳ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಬುದ್ಧಿ 6 ಇರುವ ಪಾತ್ರದವನು ಒಗಟು ಬಿಡಿಸಿದರೆ ಏನು ಮಾಡುವುದು? ಸದ್ಯಕ್ಕೆ ಟೇಬಲ್ಲಿನಲ್ಲಿ ಯಾರು ಬಿಡಿಸಿದರೂ ಸರಿ, ಕಥೆಯಲ್ಲಿ ತಂಡದ ಜಾಣನೇ ಬಿಡಿಸಿದ ಅಂತ ಸೇರಿಸುತ್ತೇನೆ. ಸ್ವಲ್ಪ ಮೋಸ ಅಂತ ಗೊತ್ತು. ಆದರೆ ಮಹಾಭಾರತದ ಜೂಜಿನಲ್ಲೇ ಪಣ ಒಡ್ಡಿದವನು ದುರ್ಯೋಧನ, ದಾಳ ಉರುಳಿಸಿದವನು ಶಕುನಿ. ನನ್ನ ಪರವಾಗಿ ಮಾವ ಆಡುತ್ತಾನೆ ಅಂತ ಅವತ್ತೇ ಒಪ್ಪಿಸಿಬಿಟ್ಟಿದ್ದರು. ನನ್ನ ಮೋಸ ಅದರ ಮುಂದೆ ಎಷ್ಟು ಮಹಾ?

ಇನ್ನು ಅಪ್ಪನ ವಿಷಯ. ಇದನ್ನು ಬರೆಯಲು ಕೂತದ್ದೇ ಅದಕ್ಕೆ.

ಅಪ್ಪ ಪುತ್ತೂರಿನ ಕಡೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಜೊತೆಗೆ ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಎದುರುಬದುರು ಕೂತವರು ಆ ಪದ್ಯ ಹಿಡಿದು ಪಾತ್ರವಾಗಿ ಮಾತಾಡುತ್ತಾರೆ. ಬಾಯಿಪಾಠ ಅಲ್ಲ, ಅಲ್ಲೇ ಹುಟ್ಟುವ ಮಾತು. ಹೋದ ಡಿಸೆಂಬರಿನಲ್ಲಿ ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಬಂದಿದ್ದರು. ಭಾನುವಾರ ಸುಮ್ನೆ ಮೂಲೆಯ ಕುರ್ಚಿಯಲ್ಲಿ ಕೂತು ನಮ್ಮ ಆಟ ನೋಡಿದರು.

‘ಇದು ನಮ್ಮದೇ’ ಅಂದರು ರಾತ್ರಿ ಊಟ ಮಾಡುವಾಗ. ‘ಭಾಗವತ ನೀನು. ಆದರೆ ಆ ದಾಳ ಎಂತಕ್ಕೆ ಮಾರಾಯ್ತಿ?’

ನಾನು ಕೋಟೆಯ ಬಾಗಿಲಿನ ಕಥೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಕಥೆ ಹೇಳಿದರು. ನಾನು ಹುಟ್ಟುವುದಕ್ಕೆ ಮೊದಲು ಒಂದು ದೇವಸ್ಥಾನದ ಜಗಲಿಯಲ್ಲಿ ವಾಲಿವಧೆ. ಅಪ್ಪನದು ರಾಮ. ಎದುರಿಗೆ ವಾಲಿಯಾಗಿ ದೊಡ್ಡ ಅರ್ಥಧಾರಿ ಒಬ್ಬರು. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಒಂದರ ಮೇಲೊಂದು ಪ್ರಶ್ನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಆ ಜಾಗದ ಬಿಸಿ ಗೊತ್ತಿರುತ್ತದೆ. ಅಪ್ಪನಿಗೆ ಮಾತು ನಿಂತುಹೋಯಿತು. ಮೂರ್ನಾಲ್ಕು ವಾಕ್ಯ ಹೇಳಿ ತಲೆ ತಗ್ಗಿಸಿ ಕೂತರಂತೆ. ಭಾಗವತರು ಪರಿಸ್ಥಿತಿ ನೋಡಿ ಮುಂದಿನ ಪದ್ಯ ಎತ್ತಿದರು. ವಾದದಲ್ಲಿ ಗೆದ್ದ ವಾಲಿ ಪದ್ಯದಲ್ಲಿ ಸತ್ತ.

‘ಜನ ಏನಂದ್ರು?’ ಅಂತ ಕೇಳಿದೆ.

‘ರಾಮ ಸೋತ ಅಂತ ಒಬ್ಬನೂ ಹೇಳಲಿಲ್ಲ. ಮೇಷ್ಟ್ರು ಸೋತರು ಅಂದರು.’

ನಾನು ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುವುದನ್ನೂ ಮರೆತೆ. ಹಾವೇರಿ ಹುಡುಗನಿಗೆ ನಾನು ಮಾಡಿದ್ದು ಇದಕ್ಕಿಂತ ಕಡೆ. ತಾಳಮದ್ದಳೆಯಲ್ಲಿ ಕೂತವನ ಬಾಯಿ ಸೋತರೂ ಪಾತ್ರವನ್ನು ಪದ್ಯ ಕಾಯುತ್ತದೆ. ನನ್ನ ಟೇಬಲ್ಲಿನಲ್ಲಿ ಹುಡುಗನೂ ಸೋತ, ಅವನ ಮಾಂತ್ರಿಕನೂ ಸೋತ. ದಾಳ ಇರುವುದು ಇದಕ್ಕೇ ಅಂತ ಅಪ್ಪನಿಗೆ ಹೇಳಿದೆ. ಪದ್ಯದ ಹಾಗೆ ಮೊದಲೇ ಬರೆದಿಟ್ಟದ್ದಲ್ಲ, ಆದರೆ ಕೂತವರ ಬಾಯಿಗೂ ಪಾತ್ರದ ಹಣೆಬರಹಕ್ಕೂ ನಡುವೆ ಒಂದು ಗೋಡೆ. ಅವರು ‘ಹ್ಞೂಂ’ ಅಂದರು. ಒಪ್ಪಿದ ಹ್ಞೂಂ ಅಲ್ಲ ಅದು.

ಮುಂದಿನ ಭಾನುವಾರ ಅವರೇ ಆಡಲು ಕೂತರು. ಅಂಕಿಗಳನ್ನು ದಾಳ ಹಾಕಿಯೇ ತೆಗೆದರು. ಕ್ಯಾರಿಸ್ಮಾಕ್ಕೆ ಬಂದದ್ದು 7. ‘ಹಾಗಂದ್ರೆ?’ ಅಂದರು. ಮಾತಾಡಿದರೆ ಜನ ಎದ್ದು ಹೋಗುತ್ತಾರೆ ಅಂತ ಅರ್ಥ ಅಂದೆ. ಟೇಬಲ್ಲೆಲ್ಲ ನಕ್ಕಿತು. ಅವರು ನಗಲಿಲ್ಲ.

ದಾರಿಯಲ್ಲಿ ಒಂದು ಸೇತುವೆ, ಅದಕ್ಕೊಬ್ಬ ಸುಂಕದವನು. ತಲೆಗೆ ಹತ್ತು ಚಿನ್ನದ ನಾಣ್ಯ ಕೇಳುತ್ತಾನೆ. ತಂಡದ ಹತ್ತಿರ ಒಟ್ಟು ಹನ್ನೆರಡು. ಸುಂಕದವನ ಮುಖ ಬಾಡಿದೆ, ಸೇತುವೆಯ ಕೆಳಗಿನ ಮೊಸಳೆ ಅವನ ಎರಡು ಆಡು ತಿಂದಿದೆ ಅಂತ ನಾನು ಮೊದಲೇ ಹೇಳಿದ್ದೆ.

ಅಪ್ಪ ಗಂಟಲು ಸರಿಮಾಡಿಕೊಂಡರು. ಆಮೇಲೆ ಎಂಟು ನಿಮಿಷ. ದಾರಿ ಯಾರದು, ನದಿ ಯಾರದು, ದಾಟುವವನಿಗೂ ದಾಟಿಸುವವನಿಗೂ ಇರುವ ಋಣ ಎಂಥದ್ದು, ಗುಹ ರಾಮನಿಂದ ಸುಂಕ ಕೇಳಿದನೇ? ಕೋಡುಬಳೆ ಕಡಿಯುವ ಸದ್ದೂ ಇಲ್ಲ. ಗೆಳತಿಗೆ ಅರ್ಧ ಅರ್ಥವಾಗದಿದ್ದರೂ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ನನಗೆ ಮೈ ಜುಮ್ ಅಂದಿತು. ಹೆಮ್ಮೆಯಿಂದ ಬಾಗಿಲು ತೆಗೆಸಿಬಿಡುವ ಹಳೆಯ ಚಾಳಿ ನಾಲಿಗೆಯ ತುದಿಗೆ ಬಂದಿತ್ತು.

‘ದಾಳ ಹಾಕಿ ಅಪ್ಪ’ ಅಂದೆ.

‘ಇಷ್ಟು ಹೇಳಿದ ಮೇಲೂ?’

‘ಅವನಿಗೆ ಸುಂಕ ಬಿಟ್ಟರೆ ಏನು ಸಿಗುತ್ತೆ ಅಂತ ನೀವು ಹೇಳಲಿಲ್ಲ. 15 ಬೇಕು. ನಿಮಗೆ 2 ಕಳೆಯಬೇಕು.’

ಅಂದರೆ 17 ಅಥವಾ ಅದಕ್ಕಿಂತ ಮೇಲೆ, ಇಪ್ಪತ್ತು ಮುಖದಲ್ಲಿ ನಾಲ್ಕೇ ಮುಖ. ಬಿದ್ದದ್ದು 9. ಸುಂಕದವನು ಆಕಳಿಸಿದ ಅಂತ ಹೇಳಿದೆ. ಹೇಳುವಾಗ ಅಪ್ಪನ ಮುಖ ನೋಡಲಿಲ್ಲ.

ಹಾವೇರಿ ಹುಡುಗ ಮೆಲ್ಲಗೆ ಬಾಯಿ ಬಿಟ್ಟ. ‘ಯಜಮಾನ್ರ, ಆ ಮೊಸಳಿ ನಾವು ಹೊಡದ ಕೊಡ್ತೀವ್ರಿ. ಸುಂಕ ಬಿಡ್ರಿ.’

ದಾಳದ ಕಡೆ ಕೈ ಹಾಕಿದವನಿಗೆ ಬೇಡ ಅಂದೆ. ಸುಂಕದವನು ಆಗಲೇ ಎದ್ದು ನಿಂತು ಈಟಿ ಹುಡುಕುತ್ತಿದ್ದ.

‘ನಾನು ಹೇಳಿದ್ದೂ ಅದನ್ನೇ’ ಅಂದರು ಅಪ್ಪ.

ಮೊಸಳೆಯ ಜೊತೆ ಹೊಡೆದಾಡುವುದರಲ್ಲಿ ಸಂಜೆ ಏಳಾಯಿತು. ಅಪ್ಪ ರಾತ್ರಿಯ ಪುತ್ತೂರು ಬಸ್ಸಿಗೆ ಹೊರಟರು. ಮೆಜೆಸ್ಟಿಕ್‌ನಲ್ಲಿ ಹತ್ತಿಸಿ ಬಂದು ಟೇಬಲ್ ಒರೆಸಿದೆ, ಹಾಳೆಗಳನ್ನು ಒಟ್ಟು ಮಾಡಿದೆ. ಅಪ್ಪನ ಹಾಳೆ ಎಲ್ಲಕ್ಕಿಂತ ಕೆಳಗಿತ್ತು. ಕ್ಯಾರಿಸ್ಮಾದ ಚೌಕದಲ್ಲಿ 7ರ ಎಡಕ್ಕೆ, ಮೇಷ್ಟ್ರ ದುಂಡಗಿನ ಅಕ್ಷರಕ್ಕೆ ಒಪ್ಪುವ ಹಾಗೆ, ಪೆನ್ಸಿಲ್ಲಿನಲ್ಲಿ ಒಂದು 1 ಸೇರಿಕೊಂಡಿತ್ತು.